ಪಾರದಾರ್ಯ ವಿಚಾರ: ದಂಡನೀತಿಯೂ ಶರಣನೀತಿಯೂ

ವಿವಾಹಮರ್ಯಾದೆಯನ್ನು ಮೀರಿದ ಸ್ತ್ರೀಪುರುಷ ಸಂಬಂಧವು ದೋಷವೆಂಬುದರಲ್ಲಿ ಅರಸರ ದಂಡನೀತಿಗೂ ಶರಣರ ಧರ್ಮಕ್ಕೂ ಭೇದವಿಲ್ಲ. ಆದರೆ ಆ ದೋಷದ ಲಕ್ಷಣವೇನೆಂಬಲ್ಲಿ ಅವೆರಡೂ ಬೇರೆಯಾದುವು. ಈ ಬೇರ್ಪಾಡಿಗೆ ಕಲ್ಯಾಣಪಟ್ಟಣವೇ ಸಾಕ್ಷಿ.

ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಅಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ಸ್ತ್ರೀಸಂಗ್ರಹಣ ಪ್ರಕರಣದಲ್ಲಿ ದಂಡದ ಪ್ರಮಾಣವು ವರ್ಣವನ್ನು ಅನುಸರಿಸುತ್ತದೆ. ಸ್ತ್ರೀಯು ಸಮಾನವರ್ಣದವಳಾದರೆ ಪುರುಷನಿಗೆ ಉತ್ತಮಸಾಹಸದಂಡ, ಕೆಳವರ್ಣದವಳಾದರೆ ಮಧ್ಯಮದಂಡ, ಮೇಲ್ವರ್ಣದವಳಾದರೆ ವಧೆ. ಅಂತು ಒಂದೇ ಕೃತ್ಯವು ಕುಲಭೇದದಿಂದ ಮೂರು ಅಪರಾಧಗಳಾಯಿತು.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಬಸವಾದಿ ಪ್ರಮಥರು ಪರಧನ, ಪರಸತಿ, ಪರದೈವಗಳ ತ್ಯಾಗವನ್ನು ಭಕ್ತನ ವ್ರತವನ್ನಾಗಿ ವಿಧಿಸಿದರು. ಆ ವ್ರತದಲ್ಲಿ ಕುಲದ ಎಣಿಕೆಯಿಲ್ಲ. ಸೂಳೆ ಸಂಕವ್ವೆಯೂ ಶರಣಸಮೂಹದಲ್ಲಿ ಸ್ಥಾನವನ್ನು ಪಡೆದಳು. ಕೊಟ್ಟ ಮಾತಿಗೆ ತಪ್ಪದಿರುವುದೇ ಆಕೆಯ ವಚನದ ಹುರುಳು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹವಾದಾಗ ಶರಣರು ಅದನ್ನು ಲಿಂಗವಂತರ ಸಂಬಂಧವೆಂದರು, ಶಾಸ್ತ್ರಾಭಿಮಾನಿಗಳು ಪ್ರತಿಲೋಮವೆಂದರು. ಬಿಜ್ಜಳನು ಆ ಇಬ್ಬರು ತಂದೆಯರಿಗೂ ಮರಣದಂಡನೆಯನ್ನು ವಿಧಿಸಿದನೆಂಬುದು ಪರಂಪರಾಗತವಾದ ಕಥನ. ಯಾವುದು ವಿವಾಹವೆಂಬುದು ನಿಶ್ಚಯವಾಗದೆ ಯಾವುದು ವಿವಾಹಬಾಹಿರವೆಂಬುದು ನಿಶ್ಚಯವಾಗದೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಕಿಲ್ಲ.

ಮುಂದೆ ಆಂಗ್ಲರ ಆಳ್ವಿಕೆಯಲ್ಲಿ 1860ರ ಇಂಡಿಯನ್ ಪೀನಲ್ ಕೋಡು ಹುಟ್ಟಿತು. ಬಾಶೆಟ್ಟಿಹಳ್ಳಿಯನ್ನೊಳಗೊಂಡ ಮೈಸೂರು ಸಂಸ್ಥಾನದಲ್ಲಿಯೂ ಅದು ನಡೆಯಿತು. ಅದರ 497ನೆಯ ಸೆಕ್ಷನ್ನು ವರ್ಣಭೇದವನ್ನು ಬಿಟ್ಟಿತಾದರೂ ಮತ್ತೊಂದು ಭೇದವನ್ನು ತಂದಿತು. ಪರಪುರುಷನ ಪತ್ನಿಯನ್ನು ಆ ಪತಿಯ ಸಮ್ಮತಿಯಿಲ್ಲದೆ ಕೂಡಿದವನಿಗೆ ಐದು ವರ್ಷಗಳವರೆಗೆ ಸೆರೆ. ಪತಿಯು ಸಮ್ಮತಿಸಿದರೆ ಅಪರಾಧವೇ ಇಲ್ಲ! ತಪ್ಪಿದ ಗಂಡನ ಹೆಂಡತಿಗೆ ದೂರುವ ಹಕ್ಕೂ ಇಲ್ಲ. ಸತಿಯು ಪತಿಯ ಸೊತ್ತೆಂಬ ಭಾವವು ಇದರಲ್ಲಿ ಅಡಗಿತ್ತು. 2018ನೆಯ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಇದನ್ನು ಸಂವಿಧಾನವಿರುದ್ಧವೆಂದು ರದ್ದುಗೊಳಿಸಿತು. ಕುಲಾಂತರ ವಿವಾಹಗಳಾದರೋ 1949ರ ಹಿಂದೂ ವಿವಾಹ ಸಿಂಧುತ್ವ ಕಾಯಿದೆಯಿಂದಲೇ ಸಕ್ರಮವಾಗಿದ್ದುವು. ಹರಳಯ್ಯನವರು ತೆತ್ತ ಬೆಲೆಗೆ ಸುಮಾರು ಎಂಟು ಶತಮಾನಗಳ ಮೇಲೆ ಮನ್ನಣೆ ದೊರೆಯಿತು.

ಸೆರೆಯ ಭಯ ಹೋದ ಮಾತ್ರಕ್ಕೆ ದೋಷವು ಹೋಗಲಿಲ್ಲ. ಪಾರದಾರ್ಯವು 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಇಂದಿಗೂ ವಿಚ್ಛೇದನಕ್ಕೆ ಕಾರಣವಾಗಿದೆ. ದಂಡನೀತಿಯು ಕಾಲಕಾಲಕ್ಕೆ ಮಾರ್ಪಡುವುದು. ಕೊಟ್ಟ ಮಾತಿಗೆ ಬದ್ಧನಾಗಿರುವ ಶರಣವ್ರತವು ಮಾರ್ಪಡದು. ಅದು ಸತಿಗೆಷ್ಟೋ ಪತಿಗೂ ಅಷ್ಟೇ. ಕುಲವನ್ನು ಮೀರಿ ಮದುವೆಯಾದವರನ್ನು ಜಾರರೆಂದು ಹಳಿಯುವವನು ಹರಳಯ್ಯನ ವಂಶದ ಭಕ್ತನಲ್ಲ. ಈ ಉತ್ಸವದ ಶುಭಸಂದರ್ಭದಲ್ಲಿ ಸದ್ಭಕ್ತರು ಇದನ್ನು ಮನನಮಾಡಿ ನಡೆಯಲ್ಲಿ ತರಲೆಂಬುದೇ ಪ್ರಾರ್ಥನೆ.