ನರ, ಸ್ನಾಯು, ನಾಡಿ: ಮೂರು ಶಬ್ದಗಳ ಚರಿತ್ರೆ

ಶರೀರದಲ್ಲಿ ಸ್ಪರ್ಶಾದಿ ಜ್ಞಾನವನ್ನೂ ಚೇಷ್ಟೆಯನ್ನೂ ವಹಿಸುವ ತಂತುಗಳಿಗೆ ಕನ್ನಡದಲ್ಲಿ ಈಗ ‘ನರ’ ಎಂಬ ಹೆಸರು ರೂಢವಾಗಿದೆ. ತಮಿಳಿನ ‘ನರಂಬು’, ತೆಲುಗಿನ ‘ನರಮು’ ಇದರ ಒಡಹುಟ್ಟುಗಳಾದುದರಿಂದ ಇದು ದ್ರಾವಿಡಶಬ್ದವೆಂಬುದು ಸ್ಪಷ್ಟ. ಮನುಷ್ಯಾರ್ಥಕವಾದ ಸಂಸ್ಕೃತ ನರಶಬ್ದಕ್ಕೂ ಇದಕ್ಕೂ ಉಚ್ಚಾರಸಾಮ್ಯವೊಂದನ್ನುಳಿದು ಬೇರೆ ನಂಟಿಲ್ಲ. ಹರಿಹರದ ಆಸುಪಾಸಿನ ಕಡರನಾಯಕನಹಳ್ಳಿ ಮೊದಲಾದ ಗ್ರಾಮಗಳಲ್ಲಿ ಒಕ್ಕಲಿಗನು ಮುಂಗೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವನ್ನೂ ನರವೆನ್ನುತ್ತಾನೆ, ಹಿಮ್ಮಡಿಯ ಮೇಲಣ ಗಟ್ಟಿಯಾದ ಹುರಿಯನ್ನೂ ನರವೆನ್ನುತ್ತಾನೆ. ವೀಳ್ಯದೆಲೆಯ ಬೆನ್ನಿನ ಗೆರೆಯೂ ಅವನಿಗೆ ನರವೇ. ಇದನ್ನು ಅಜ್ಞಾನವೆಂದು ತಳ್ಳಲಾಗದು. ಶಬ್ದದ ಹಳೆಯ ಅರ್ಥವ್ಯಾಪ್ತಿಯೇ ಅಲ್ಲಿ ಉಳಿದುಬಂದಿದೆ. ತಮಿಳಿನಲ್ಲಿ ಯಾಳೆಂಬ ವಾದ್ಯದ ತಂತಿಯೂ ನರಂಬೇ ಆಗಿದೆ. ಗ್ರೀಕರ ‘ನ್ಯೂರಾನ್’ ಶಬ್ದಕ್ಕೂ ಮೊದಲಿಗೆ ಕಂಡರ, ಬಿಲ್ಲಿನ ಹೆದೆ ಎಂಬರ್ಥಗಳಿದ್ದುವು. ಕ್ರಿ. ಪೂ. ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋಫಿಲಸನು ಶವಚ್ಛೇದದ ಬಲದಿಂದ ಜ್ಞಾನತಂತುಗಳನ್ನು ಬೇರೆಯಾಗಿ ಗುರುತಿಸಿದ ಬಳಿಕ ಆ ಹೆಸರು ಅವುಗಳಿಗೆ ನಿಂತಿತು.

ಇನ್ನು ‘ಸ್ನಾಯು’. ಇದರ ಪಾಡು ವಿಚಿತ್ರವಾದುದು. ಬಂಗಾಳಿಯಲ್ಲಿ ಸ್ನಾಯುವೆಂದರೆ ನರ. ಕನ್ನಡ ಮರಾಠಿಗಳಲ್ಲಿ ಮಾಂಸಖಂಡ. ಸುಶ್ರುತನ ಅಭಿಪ್ರಾಯವಾದರೋ ಇವೆರಡೂ ಅಲ್ಲ. ಮಾಂಸಖಂಡಗಳನ್ನು ಅವನು ಪೇಶಿಗಳೆಂದು ಕರೆದು ೫೦೦ ಎಂದು ಎಣಿಸಿದ್ದಾನೆ, ಸ್ನಾಯುಗಳು ೯೦೦. ಹಲಗೆಗಳಿಂದಾದ ದೋಣಿಯು ಹಗ್ಗಗಳ ಕಟ್ಟಿನಿಂದ ಭಾರವನ್ನು ತಾಳುವಂತೆ ಸಂಧಿಗಳು ಸ್ನಾಯುಗಳ ಕಟ್ಟಿನಿಂದ ಶರೀರಭಾರವನ್ನು ತಾಳುತ್ತವೆಂಬ ಉಪಮೆಯನ್ನು ಅವನು ಕೊಟ್ಟಿರುವುದರಿಂದ ಸ್ನಾಯುವೆಂದರೆ ಬಂಧನರಜ್ಜುವೇ ಎಂಬುದರಲ್ಲಿ ಸಂಶಯಕ್ಕೆಡೆಯಿಲ್ಲ. (ತುಂಗಭದ್ರೆಯ ಹರಿಗೋಲನ್ನೇ ಕಂಡವರಿಗೆ ಈ ಉಪಮೆ ಒಡನೆಯೇ ಹೊಳೆಯಲಾರದು.) ಸಂಸ್ಕೃತಗ್ರಂಥವನ್ನು ಕನ್ನಡಿಸುವವರು ಅಲ್ಲಿಯ ಸ್ನಾಯುವನ್ನು ಹಾಗೆಯೇ ಇಳಿಸಿದರೆ ವಾಚಕನು ಕಟ್ಟಿಗೆ ಬದಲಾಗಿ ಮಾಂಸವನ್ನು ಗ್ರಹಿಸುತ್ತಾನೆ.

‘ನಾಡಿ’ಯ ವಿಷಯದಲ್ಲಿ ಪ್ರಮಾದವು ಇನ್ನೂ ದೊಡ್ಡದು. ಈ ಶಬ್ದಕ್ಕೆ ಟೊಳ್ಳಾದ ಕೊಳವೆಯೆಂದರ್ಥ. ಯೋಗಗ್ರಂಥಗಳು ೭೨,೦೦೦ ನಾಡಿಗಳನ್ನು ಹೇಳಿ, ಅವುಗಳಲ್ಲಿ ಪ್ರಾಣವಾಯುವು ಸಂಚರಿಸುವುದೆನ್ನುತ್ತವೆ. ೧೯೨೭ರಲ್ಲಿ ಮುಂಬಯಿಯ ವೈದ್ಯರಾದ ವಸಂತ ರೇಲೆಯವರು ಕುಂಡಲಿನಿಯು ವೇಗಸ್ ನರವೇ ಎಂದು ಪ್ರತಿಪಾದಿಸಿ ಗ್ರಂಥವನ್ನೇ ಬರೆದರು. ಇಂತಹ ಸಮೀಕರಣವು ನಮಗೆ ಸಮ್ಮತವಲ್ಲ. ಪೂರ್ವಿಕರ ಗೌರವಕ್ಕೆ ಇದರ ಆವಶ್ಯಕತೆಯೂ ಇಲ್ಲ. ಪಕ್ಷಾಘಾತ, ಅರ್ದಿತ, ಗೃಧ್ರಸೀ ಎಂಬ ವ್ಯಾಧಿಗಳನ್ನು ಚರಕನು ಲಕ್ಷಣಸಹಿತವಾಗಿ ವರ್ಣಿಸಿದ್ದಾನೆ. ಕಂಠದ ಇಕ್ಕೆಲಗಳಲ್ಲಿರುವ ನೀಲಾ, ಮನ್ಯಾ ಎಂಬ ಮರ್ಮಗಳಿಗೆ ಗಾಯವಾದರೆ ಮೂಕತ್ವ, ಸ್ವರವಿಕಾರ, ರುಚಿನಾಶಗಳುಂಟಾಗುವುವೆಂದು ಸುಶ್ರುತನು ಕಂಡಿದ್ದಾನೆ. ಆ ಭಾಗದಲ್ಲಿ ಧ್ವನಿಪೆಟ್ಟಿಗೆಯ ನರಗಳು ಹಾಯುವುದನ್ನು ಬಲ್ಲವರಿಗೆ ಈ ನೋಟದ ಬೆಲೆ ತಿಳಿದೀತು. ಕಂಡುದು ನಿಜ, ಕಾರಣವಾಗಿ ಹೇಳಿದುದು ವಾಯು. ಎರಡನ್ನೂ ಬೇರೆಬೇರೆಯಾಗಿ ಬರೆಯುವುದೇ ಚರಿತ್ರಕಾರನ ಧರ್ಮ.

ಕೊಳವೆಯ ಕಲ್ಪನೆ ನಮ್ಮವರಿಗೆ ಮಾತ್ರ ಸೇರಿದುದಲ್ಲ. ೧೭ನೆಯ ಶತಮಾನದ ದೇಕಾರ್ತನೂ ನರಗಳೊಳಗೆ ಸೂಕ್ಷ್ಮದ್ರವ್ಯವು ಹರಿಯುವುದೆಂದೇ ನಂಬಿದ್ದನು. ೧೭೯೧ರಲ್ಲಿ ಗಾಲ್ವಾನಿಯು ಕಪ್ಪೆಯ ಕಾಲಿನ ಮೇಲೆ ನಡೆಸಿದ ವಿದ್ಯುತ್ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ಆ ನಂಬಿಕೆ ಸಡಿಲಿತು. ೧೮೫೦ರಲ್ಲಿ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರದಲ್ಲಿ ಪ್ರೇರಣೆಯ ವೇಗವನ್ನು ಅಳೆದನು: ಸೆಕೆಂಡಿಗೆ ಸುಮಾರು ೨೭ ಮೀಟರು. ಮನೋವೇಗವೆಂದು ಕವಿಗಳು ಹೊಗಳುವುದು ಓಡುವ ಕುದುರೆಯನ್ನು ಬಹಳವೇನೂ ಮೀರಲಿಲ್ಲ! ಮೇದಸ್ಸಿನ ಹೊದಿಕೆಯುಳ್ಳ ಮಾನವನರಗಳಲ್ಲಿ ಅದು ೧೦೦ ಮೀಟರನ್ನೂ ದಾಟಬಲ್ಲದು. ವಿಶ್ರಾಂತವಾದ ನರಕೋಶದ ಒಳಮೈ ಹೊರಗಿಗಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಪ್ರೇರಣೆಯಾದಾಗ ಸೋಡಿಯಂ ಕಣಗಳು ಒಳನುಗ್ಗಿ, ಅನಂತರ ಪೊಟಾಸಿಯಂ ಕಣಗಳು ಹೊರಬಿದ್ದು, ಆ ಕ್ಷೋಭೆಯು ತಂತುವಿನುದ್ದಕ್ಕೂ ಸಾಗುತ್ತದೆ. ೧೯೫೨ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್ಲಿಯವರು ಇದನ್ನು ಗಣಿತದಿಂದ ನಿರೂಪಿಸಿದರು.

ವೈಯಾಕರಣರಿಗೆ ರುಚಿಸುವ ಸಂಗತಿಯೊಂದುಂಟು. ನರಕೋಶಗಳೆಲ್ಲ ಒಂದರೊಡನೊಂದು ಬೆಸೆದ ಬಲೆಯೆಂದು ಇಟಲಿಯ ಗಾಲ್ಜಿ ವಾದಿಸಿದನು. ಅವನೇ ೧೮೭೩ರಲ್ಲಿ ಕಂಡುಹಿಡಿದ ರಜತವರ್ಣದ ವಿಧಾನದಿಂದ ಸ್ಪೇನಿನ ಕಾಹಾಲನು ೧೮೮೮ರಿಂದೀಚೆಗೆ ಪ್ರತಿಯೊಂದು ಕೋಶವೂ ಬಿಡಿಯೆಂದು ತೋರಿಸಿದನು. ೧೯೦೬ರಲ್ಲಿ ನೊಬೆಲ್ ಪಾರಿತೋಷಕವನ್ನು ಇಬ್ಬರೂ ಹಂಚಿಕೊಂಡರು, ಮತಭೇದವನ್ನು ಮಾತ್ರ ಬಿಡಲಿಲ್ಲ. ಕಾಹಾಲನ ಮತವೇ ಗೆದ್ದಿತು. ಕೋಶಕೋಶಗಳ ನಡುವೆ ಸಾಮಾನ್ಯವಾಗಿ ಮಿಲಿಮೀಟರಿನ ಸುಮಾರು ೫೦,೦೦೦ದಲ್ಲೊಂದಂಶದ ತೆರಪಿದ್ದು, ರಾಸಾಯನಿಕದ್ರವ್ಯವು ಅದನ್ನು ದಾಟಿ ಸಂದೇಶವನ್ನು ಮುಟ್ಟಿಸುತ್ತದೆ. ಈ ಎಡೆಯನ್ನು ‘ನರಸಂಧಿ’ಯೆಂದು ಕರೆಯೋಣವೆಂದರೆ, ಸಂಧಿಯಲ್ಲಿ ವರ್ಣಗಳು ಕೂಡಿಹೋಗುವುದರಿಂದ ಸೋತ ಗಾಲ್ಜಿಯ ಪಕ್ಷವನ್ನೇ ಹಿಡಿದಂತಾಗುತ್ತದೆ, ಇಲ್ಲಿರುವುದು ಪ್ರಕೃತಿಭಾವ.

ಬೆಂಗಳೂರಿನಲ್ಲಿ ೧೯೫೪ರ ಅಖಿಲಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ೧೯೭೪ರಲ್ಲಿ ಉಂಟಾದ ನಿಮ್ಹಾನ್ಸ್ ಸಂಸ್ಥೆಯ ಹಿಂದಿ ಹೆಸರಿನಲ್ಲಿ ‘ತಂತ್ರಿಕಾ’ ಎಂದಿದೆ. ಕನ್ನಡದ ಹೆಸರಿನಲ್ಲಿ ‘ನರ ವಿಜ್ಞಾನ’ವೆಂದೇ ಇದೆ.