ಮ್ಯಾಸಚೂಸೆಟ್ಸ್ ಬೆಳ್ಳಿ ನಾಣ್ಯಗಳು

ಮ್ಯಾಸಚೂಸೆಟ್ಸ್ ಬೆಳ್ಳಿ ನಾಣ್ಯಗಳು 1652ರಿಂದ 1682ರವರೆಗೆ ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಟಂಕಿಸಲ್ಪಟ್ಟ ವಸಾಹತು ಕಾಲದ ನಾಣ್ಯಗಳು. ಇವುಗಳಲ್ಲಿ ಹಲವು ಬಗೆಗಳು ಅತಿ ವಿರಳ. ಖೋಟಾ ಪ್ರತಿಗಳೂ ಇವೆ. ಆದುದರಿಂದ ನಾಣ್ಯ ಸಂಗ್ರಾಹಕರು ಇವುಗಳ ಒಡೆತನದ ಇತಿಹಾಸಕ್ಕೆ ವಿಶೇಷ ಮಹತ್ವ ಕೊಡುತ್ತಾರೆ.

ಹಿನ್ನೆಲೆ

ವಸಾಹತಿನಲ್ಲಿ ಇಂಗ್ಲೆಂಡಿನ ನಾಣ್ಯಗಳ ಕೊರತೆಯಿತ್ತು. ಚಲಾವಣೆಯಲ್ಲಿದ್ದ ಸ್ಪೇನಿನ ಬೆಳ್ಳಿ ನಾಣ್ಯಗಳಲ್ಲಿ ಕಲಬೆರಕೆಯವೂ ಸೇರಿದ್ದವು. ಇದನ್ನು ನಿವಾರಿಸಲು 1652ರಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ, ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ ಎಂಬ ಅಕ್ಕಸಾಲಿಗರಿಗೆ ಅದರ ಹೊಣೆಯನ್ನು ವಹಿಸಲಾಯಿತು. ಷಿಲ್ಲಿಂಗ್, ಆರು ಪೆನ್ಸ್ ಮತ್ತು ಮೂರು ಪೆನ್ಸ್ ನಾಣ್ಯಗಳು ಮೊದಲು ಹೊರಬಂದವು. ಬೆಳ್ಳಿ ಹೊರದೇಶಕ್ಕೆ ಹರಿದುಹೋಗದಿರಲೆಂದು ಷಿಲ್ಲಿಂಗಿನ ತೂಕವನ್ನು 72 ಗ್ರೇನ್ (ಸುಮಾರು 4.67 ಗ್ರಾಂ) ಎಂದು ನಿಗದಿಪಡಿಸಲಾಯಿತು. ಇದು ಇಂಗ್ಲೆಂಡಿನ ಷಿಲ್ಲಿಂಗಿಗಿಂತ ಸುಮಾರು ಶೇ. 22.5ರಷ್ಟು ಹಗುರವಾಗಿತ್ತು.

ವಿಧಗಳು

ಮೊದಲ ನಾಣ್ಯಗಳ ಒಂದು ಬದಿಯಲ್ಲಿ ನ್ಯೂ ಇಂಗ್ಲೆಂಡ್ ಎಂಬುದನ್ನು ಸೂಚಿಸುವ 'ಎನ್‌ಇ' ಅಕ್ಷರಗಳೂ ಇನ್ನೊಂದು ಬದಿಯಲ್ಲಿ ಮೌಲ್ಯವೂ ಮಾತ್ರ ಇದ್ದವು. ಇವುಗಳ ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವುದು ಸುಲಭವಾಗಿದ್ದುದರಿಂದ, ಅಂಚಿನ ಸುತ್ತ ಬರಹ ಮತ್ತು ನಡುವೆ ಮರದ ಚಿತ್ರವಿರುವ ವಿನ್ಯಾಸವನ್ನು ಅಳವಡಿಸಲಾಯಿತು. ಚಿತ್ರವನ್ನು ಆಧರಿಸಿ ಇವುಗಳನ್ನು ಅನುಕ್ರಮವಾಗಿ ವಿಲೋ, ಓಕ್ ಮತ್ತು ಪೈನ್ ಮರದ ನಾಣ್ಯಗಳೆಂದು ಕರೆಯುತ್ತಾರೆ. 1662ರ ಎರಡು ಪೆನ್ಸ್ ನಾಣ್ಯದ ಹೊರತು ಮರದ ಚಿತ್ರದ ಎಲ್ಲ ನಾಣ್ಯಗಳ ಮೇಲೂ 1652 ಎಂದೇ ಇದೆ. ಹೀಗಾಗಿ ಇಸವಿಯೊಂದರಿಂದಲೇ ಅವುಗಳ ಕಾಲವನ್ನು ನಿರ್ಣಯಿಸಲಾಗದು. ಅಚ್ಚುಗಳ ವ್ಯತ್ಯಾಸಗಳನ್ನು ಗುರುತಿಸಲು ಸಿಡ್ನಿ ನೋ ರೂಪಿಸಿದ ಕ್ರಮಸಂಖ್ಯೆಗಳು ಬಳಕೆಯಲ್ಲಿವೆ.

ಒಡೆತನದ ಶೋಧ

ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯಗಳೂ ಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಅಂಚಿನ ಆಕಾರ, ಬಿರುಕು, ಗೀರು, ಬಾಗಿದ ಗುರುತು ಮುಂತಾದವನ್ನು ಹಳೆಯ ಹರಾಜು ಪಟ್ಟಿಗಳ ಛಾಯಾಚಿತ್ರಗಳೊಂದಿಗೆ ಹೋಲಿಸಿ, ಅದೇ ನಾಣ್ಯ ಹಿಂದೆ ಯಾರ ಬಳಿ ಇತ್ತೆಂದು ಪತ್ತೆ ಹಚ್ಚಲಾಗುತ್ತದೆ. ಹಳೆಯ ಸಂಗ್ರಾಹಕರು ನಾಣ್ಯದೊಡನೆ ಇರಿಸುತ್ತಿದ್ದ ಚೀಟಿಗಳೂ ಆಧಾರವಾಗುತ್ತವೆ. ಎಫ್. ಸಿ. ಸಿ. ಬಾಯ್ಡ್ ಸಂಗ್ರಹದ ಅನೇಕ ನಾಣ್ಯಗಳು ಜಾನ್ ಜೆ. ಫೋರ್ಡ್ ಅವರ ಕೈಸೇರಿದವು. ಫೋರ್ಡ್ ಅವರ ಮ್ಯಾಸಚೂಸೆಟ್ಸ್ ನಾಣ್ಯಗಳು 2005ರಲ್ಲಿ ಹರಾಜಾದವು. 1711ರಲ್ಲಿ ಕೆನಡಾ ಕರಾವಳಿಯಲ್ಲಿ ಮುಳುಗಿದ ಫೀವರ್ಷಮ್ ಹಡಗಿನಿಂದ ದೊರೆತ ನಾಣ್ಯಗಳನ್ನು ಪ್ರತ್ಯೇಕ ಮೂಲವಾಗಿ ದಾಖಲಿಸುತ್ತಾರೆ.

ಮೂರು ಪೆನ್ಸ್ ನಾಣ್ಯ

2016ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಕಪಾಟೊಂದರಲ್ಲಿ 'ಎನ್‌ಇ' ಮೂರು ಪೆನ್ಸ್ ನಾಣ್ಯವೊಂದು ದೊರೆಯಿತು. ಅದರ ಪೆಟ್ಟಿಗೆಯ ಮೇಲೆ, ಅದು ಕ್ವಿನ್ಸಿ ಕುಟುಂಬದಿಂದ ಬಂದ ಗುರುತು ತಿಳಿಯದ ಬೆಳ್ಳಿ ಬಿಲ್ಲೆ ಎಂಬ ಅರ್ಥದ ಬರಹವೂ 1798ರ ದಿನಾಂಕವೂ ಇದ್ದವು. ಟಂಕಸಾಲೆಯ ಜಾನ್ ಹಲ್ ಅವರ ಪತ್ನಿ ಜೂಡಿತ್ ಕ್ವಿನ್ಸಿ ಇದೇ ಮನೆತನದವರು. 2024ರಲ್ಲಿ ಇದು 25.2 ಲಕ್ಷ ಡಾಲರಿಗೆ ಮಾರಾಟವಾಯಿತು. ಇಂಥ ಇನ್ನೊಂದು ನಾಣ್ಯ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಯೇಲ್‌ನಲ್ಲಿದ್ದ ಮತ್ತೊಂದು ದಶಕಗಳ ಹಿಂದೆ ಕಳುವಾಗಿದ್ದು, ಇನ್ನೂ ಪತ್ತೆಯಾಗಿಲ್ಲ. ಹೀಗೆ ಒಡೆತನದ ದಾಖಲೆಯು ನಾಣ್ಯದ ಬೆಲೆಗೆ ಮಾತ್ರವಲ್ಲದೆ, ಅದರ ನೈಜತೆಗೂ ಮಾರುವವನ ಹಕ್ಕಿಗೂ ಆಧಾರವಾಗುತ್ತದೆ.