ಇಂಗ್ಲಿಷ್ ಕಲಿಕಾರ್ಥಿಗಳಿಗೆ ಕಿರು ಉತ್ತರ ಬರವಣಿಗೆಯ ಅಭ್ಯಾಸ – ಮಾಹಿತಿ

ಕೊಟ್ಟ ಪ್ರಶ್ನೆಗೆ ಅಥವಾ ಸನ್ನಿವೇಶಕ್ಕೆ ಗೊತ್ತುಪಡಿಸಿದ ಸಮಯದೊಳಗೆ ಸ್ವಂತ ಮಾತುಗಳಲ್ಲಿ ಚಿಕ್ಕ ಉತ್ತರವನ್ನು ಬರೆಯುವುದೇ ಕಿರು ಉತ್ತರ ಬರವಣಿಗೆ. ವಿದೇಶದಲ್ಲಿ ಉದ್ಯೋಗ, ವ್ಯಾಸಂಗ ಅಥವಾ ವಾಸಕ್ಕಾಗಿ ಅರ್ಜಿ ಸಲ್ಲಿಸುವವರು ತೆಗೆದುಕೊಳ್ಳುವ ಬಹುತೇಕ ಇಂಗ್ಲಿಷ್ ಪರೀಕ್ಷೆಗಳಲ್ಲಿ ಇಂತಹ ಬರವಣಿಗೆ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕ ಅಭ್ಯರ್ಥಿಗಳು ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲರಾದರೂ ಬರೆಯುವ ಸಂದರ್ಭದಲ್ಲಿ ಕಂಠಪಾಠ ಮಾಡಿದ ಪ್ರಬಂಧಗಳ ಮೊರೆಹೋಗುತ್ತಾರೆ. ಕಂಠಪಾಠದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ ಮತ್ತು ಅದಕ್ಕೆ ಅಂಕ ಕಡಿಮೆಯಾಗುತ್ತದೆ. ಆದ್ದರಿಂದ ಕಿರು ಉತ್ತರದ ಅಭ್ಯಾಸವು ಮೊದಲಿಗೆ ಪ್ರಶ್ನೆಯನ್ನು ಓದುವ ಅಭ್ಯಾಸವಾಗಿರತಕ್ಕದ್ದು.

ಉತ್ತರದ ಪ್ರಮಾಣ

ಕೇಂಬ್ರಿಡ್ಜ್ ಸಂಸ್ಥೆಯ ಎ2 ಕೀ ಪರೀಕ್ಷೆಯಲ್ಲಿ ಕನಿಷ್ಠ 25 ಪದಗಳ ಒಂದು ಮಿಂಚಂಚೆಯನ್ನೂ ಮೂರು ಚಿತ್ರಗಳನ್ನು ಆಧರಿಸಿ ಕನಿಷ್ಠ 35 ಪದಗಳ ಒಂದು ಕಥೆಯನ್ನೂ ಬರೆಯಬೇಕಾಗುತ್ತದೆ. ಮುಂದಿನ ಹಂತವಾದ ಬಿ1 ಪ್ರಿಲಿಮಿನರಿಯಲ್ಲಿ 45 ನಿಮಿಷಗಳಲ್ಲಿ ಸುಮಾರು 100 ಪದಗಳ ಎರಡು ಉತ್ತರಗಳಿರುತ್ತವೆ. ಐಇಎಲ್‌ಟಿಎಸ್ ಪರೀಕ್ಷೆಯ ಜನರಲ್ ಟ್ರೈನಿಂಗ್ ವಿಭಾಗದಲ್ಲಿ ಕನಿಷ್ಠ 150 ಪದಗಳ ಒಂದು ಪತ್ರ ಹಾಗೂ ಕನಿಷ್ಠ 250 ಪದಗಳ ಒಂದು ಪ್ರಬಂಧಕ್ಕೆ ಒಟ್ಟು 60 ನಿಮಿಷಗಳ ಅವಕಾಶವಿದ್ದು, ಪತ್ರಕ್ಕೆ ಸುಮಾರು 20 ನಿಮಿಷಗಳನ್ನು ಬಳಸಲು ಸೂಚಿಸಲಾಗುತ್ತದೆ.

ಅರ್ಜಿಯ ರೂಢಿ ಮತ್ತು ಪರೀಕ್ಷೆಯ ಪತ್ರ

ಸದರಿ ಪತ್ರದ ಪ್ರಶ್ನೆಯಲ್ಲಿ ಒಂದು ಸನ್ನಿವೇಶವನ್ನೂ ಪತ್ರದಲ್ಲಿ ಬರಲೇಬೇಕಾದ ಮೂರು ಅಂಶಗಳನ್ನೂ ಕೊಡಲಾಗಿರುತ್ತದೆ. ಉದಾಹರಣೆಗೆ, ಬಾಡಿಗೆ ಮನೆಯಲ್ಲಿ ನೀರು ಸೋರುತ್ತಿರುವ ಬಗ್ಗೆ ಮಾಲೀಕರಿಗೆ ಪತ್ರ ಬರೆಯಬೇಕೆಂದಿದ್ದರೆ, ಸೋರಿಕೆ ಎಲ್ಲಿ ಆಗುತ್ತಿದೆ, ಅದರಿಂದ ಏನು ತೊಂದರೆಯಾಗಿದೆ, ಮಾಲೀಕರು ಏನು ಮಾಡಬೇಕು ಎಂಬ ಮೂರೂ ಅಂಶಗಳು ಪತ್ರದಲ್ಲಿರಬೇಕು. ಮೊದಲಿನ ಎರಡನ್ನು ಸೊಗಸಾಗಿ ವಿವರಿಸಿ ಮೂರನೆಯದನ್ನು ಬಿಟ್ಟರೆ ಭಾಷೆ ಎಷ್ಟೇ ಶುದ್ಧವಾಗಿದ್ದರೂ ಅಂಕ ಇಳಿಯುತ್ತದೆ.

ನಮ್ಮ ಕಛೇರಿಗಳ ಅರ್ಜಿಯಲ್ಲಿ ‘ಇಂದ’, ‘ಗೆ’, ‘ವಿಷಯ’ ಎಂಬ ಶೀರ್ಷಿಕೆಗಳೂ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಪೀಠಿಕೆಯೂ ರೂಢಿಯಲ್ಲಿವೆ. ಅರ್ಜಿಗೆ ಅದು ತಕ್ಕುದೇ ಆಗಿದೆ. ಆದರೆ ಐಇಎಲ್‌ಟಿಎಸ್ ಪತ್ರಕ್ಕೆ ವಿಳಾಸ ಬರೆಯುವ ಅಗತ್ಯವಿಲ್ಲವೆಂದು ಪ್ರಶ್ನೆಪತ್ರಿಕೆಯಲ್ಲಿಯೇ ತಿಳಿಸಲಾಗಿರುತ್ತದೆ. ಅರಿಕೆಯ ಪೀಠಿಕೆಯನ್ನು ಇಂಗ್ಲಿಷಿಗೆ ಇಳಿಸುವುದರಲ್ಲಿ ಐದು ನಿಮಿಷ ಕಳೆಯುವ ಅಭ್ಯರ್ಥಿಗೆ ಕೇಳಿದ ವಿಷಯವನ್ನು ಬರೆಯಲು ಸಮಯ ಉಳಿಯುವುದಿಲ್ಲ. ಏತಕ್ಕಾಗಿ ಬರೆಯುತ್ತಿರುವುದೆಂಬುದನ್ನು ಮೊದಲ ವಾಕ್ಯದಲ್ಲಿಯೇ ತಿಳಿಸುವುದು ಸೂಕ್ತ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು

ಕನ್ನಡದಲ್ಲಿ ‘ಅವರು ಶಿಕ್ಷಕರು’ ಎಂದರೆ ವಾಕ್ಯ ಪೂರ್ಣವಾಗುತ್ತದೆ, ಕ್ರಿಯಾಪದ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಹಿ ಈಸ್ ಎ ಟೀಚರ್’ ಎಂಬಲ್ಲಿನ ‘ಈಸ್’ ಮತ್ತು ‘ಎ’ ಎರಡೂ ಅವಶ್ಯಕ. ‘ನಿನ್ನೆ ಬಂದೆ’ ಎಂಬುದರಲ್ಲಿ ‘ನಾನು’ ಎಂಬುದು ಕ್ರಿಯಾಪದದಲ್ಲಿಯೇ ಅಡಗಿದೆ, ಇಂಗ್ಲಿಷಿನಲ್ಲಿ ‘ಐ’ ಎಂದು ಬೇರೆಯಾಗಿ ಬರೆಯಲೇಬೇಕು. ‘ನಾಳೆ ಬರುತ್ತೇನೆ’, ‘ದಿನಾಲೂ ಬರುತ್ತೇನೆ’ ಎಂಬೆರಡಕ್ಕೂ ಕನ್ನಡದಲ್ಲಿ ಒಂದೇ ರೂಪವಿರುವುದರಿಂದ ‘ಐ ವಿಲ್ ಕಮ್’ ಎನ್ನಬೇಕಾದ ಕಡೆ ‘ಐ ಕಮ್’ ಎಂದು ಬರೆಯುವುದು ಸಾಮಾನ್ಯ. ತಂದೆಯವರನ್ನು ಗೌರವದಿಂದ ‘ಅವರು’ ಎನ್ನುವ ಅಭ್ಯಾಸದಿಂದ ‘ದೇ’ ಎಂದು ಬರೆದರೆ ಓದುವವರು ಯಾರೋ ಹಲವರು ಎಂದು ಭಾವಿಸುತ್ತಾರೆ. ಇವು ದಡ್ಡತನದ ತಪ್ಪುಗಳಲ್ಲ, ತಾಯ್ನುಡಿಯ ಕ್ರಮ ಬರವಣಿಗೆಯಲ್ಲಿ ಇಣುಕುವುದಷ್ಟೇ.

ಬೆಂಗಳೂರಿನ ಪ್ರಯೋಗ

ಈ ಬಗೆಯ ಕಲಿಕೆಯ ಚರಿತ್ರೆಯಲ್ಲಿ ಬೆಂಗಳೂರಿಗೆ ಒಂದು ಸ್ಥಾನವಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹಾಗೂ ಮದರಾಸಿನ ಬ್ರಿಟಿಷ್ ಕೌನ್ಸಿಲ್ ನೆರವಿನೊಂದಿಗೆ, ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಬೋಧನಾ ಪ್ರಯೋಗವು ಭಾಷಾಬೋಧನೆಯ ಕ್ಷೇತ್ರದಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ವ್ಯಾಕರಣದ ನಿಯಮಗಳನ್ನು ಮೊದಲು ಕಲಿಸುವ ಬದಲು ರೈಲ್ವೆ ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಆಧರಿಸಿದ ಸಮಸ್ಯೆಗಳನ್ನು ಮಕ್ಕಳ ಮುಂದಿಡಲಾಗುತ್ತಿತ್ತು. ಶಿಕ್ಷಕರು ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಬಿಡಿಸಿದ ನಂತರ ಅದೇ ಬಗೆಯ ಇನ್ನೊಂದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಬಿಡಿಸಬೇಕಾಗಿತ್ತು. ಉತ್ತರವನ್ನು ಅಳೆಯುತ್ತಿದ್ದುದು ಮುಖ್ಯವಾಗಿ ಅದರ ವಿಷಯ ಸರಿಯಾಗಿದೆಯೇ ಎಂಬುದರಿಂದ. ಪ್ರಭು ಅವರು ಈ ಅನುಭವವನ್ನು 1987ರಲ್ಲಿ ಪ್ರಕಟವಾದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ.

ಮನೆಯಲ್ಲಿ ಅಭ್ಯಾಸ

ಇದೇ ಕ್ರಮವನ್ನು ಶುಲ್ಕ ಕೊಟ್ಟು ತರಬೇತಿಗೆ ಹೋಗಲಾಗದವರೂ ಅನುಸರಿಸಬಹುದು. ‘ಬೆಳಿಗ್ಗೆ 10 ಗಂಟೆಗೆ ಮೈಸೂರಿನಲ್ಲಿರಬೇಕಾದವರು ಬೆಂಗಳೂರಿನಿಂದ ಯಾವ ರೈಲಿನಲ್ಲಿ ಹೊರಡಬೇಕು, ಏಕೆ?’ ಎಂಬ ಪ್ರಶ್ನೆಗೆ ವೇಳಾಪಟ್ಟಿಯನ್ನು ನೋಡಿ ಇಂಗ್ಲಿಷಿನಲ್ಲಿ ಎರಡು ವಾಕ್ಯಗಳ ಉತ್ತರ ಬರೆಯುವುದು ಒಳ್ಳೆಯ ಆರಂಭ. ಮೊದಲ ವಾಕ್ಯ ಉತ್ತರ, ಎರಡನೆಯದು ಕಾರಣ. ಇದು ಸಲೀಸಾದ ಮೇಲೆ 35 ಪದಗಳಿಗೆ, ಅನಂತರ 100 ಪದಗಳಿಗೆ ಮುಂದುವರಿಯಬಹುದು. ಆರಂಭದಲ್ಲಿ ಸಮಯದ ಮಿತಿ ಬೇಡ. ಪರೀಕ್ಷೆಗೆ ಕೆಲವು ವಾರಗಳಿರುವಾಗ ಗಡಿಯಾರವನ್ನು ಎದುರಿಗಿಟ್ಟುಕೊಂಡು ಬರೆಯುವುದು ಅವಶ್ಯಕ.

ಬರೆದುದನ್ನು ಮರುದಿನ ಎರಡು ಬಾರಿ ಓದತಕ್ಕದ್ದು. ಮೊದಲ ಓದಿನಲ್ಲಿ ಪ್ರಶ್ನೆಯ ಪ್ರತಿಯೊಂದು ಅಂಶಕ್ಕೂ ಉತ್ತರವಿದೆಯೇ ಎಂಬುದನ್ನು ಮಾತ್ರ, ಎರಡನೆಯ ಓದಿನಲ್ಲಿ ಮೇಲೆ ತಿಳಿಸಿದ ಕರ್ತೃಪದ, ‘ಈಸ್’, ‘ಎ’ ಮತ್ತು ಕಾಲರೂಪಗಳನ್ನು ಪರಿಶೀಲಿಸುವುದು. ಒಂದೇ ಬಾರಿಗೆ ಎಲ್ಲವನ್ನೂ ತಿದ್ದಲು ಹೊರಟರೆ ವಿಷಯದ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಗಣಕಯಂತ್ರದಲ್ಲಿ ಐಇಎಲ್‌ಟಿಎಸ್ ಬರೆಯುವವರಿಗೆ ಪದಗಳ ಸಂಖ್ಯೆ ಪರದೆಯ ಮೇಲೆಯೇ ಕಾಣಿಸುವುದರಿಂದ, ಅಂತಹವರು ಕೈಬರಹದ ಜೊತೆಗೆ ಕೀಲಿಮಣೆಯಲ್ಲಿ ಬೆರಳಚ್ಚು ಮಾಡುವುದನ್ನೂ ರೂಢಿಸಿಕೊಳ್ಳುವುದು ಒಳಿತು. ಮಾದರಿ ಪ್ರಶ್ನೆಗಳು ಆಯಾ ಪರೀಕ್ಷಾ ಸಂಸ್ಥೆಗಳ ಅಧಿಕೃತ ಅಂತರ್ಜಾಲ ತಾಣಗಳಲ್ಲಿ ಉಚಿತವಾಗಿ ಲಭ್ಯವಿರುತ್ತವೆ.